ಇಪ್ಪತ್ಮೂರು ಕಿಲೋ ಬಸವನಗುಡಿ

ಗಾಂಧಿ ಬಜಾರಿನ ಸುಬ್ಬಮ್ಮನ ಅಂಗಡಿಯಲ್ಲಿ ಒಂದೇ ಸಲಕ್ಕೆ ಎರಡು ಕಿಲೋ ಹಪ್ಪಳ, ಒಂದು ಕಿಲೋ ಅರಳು ಸಂಡಿಗೆ, ಮೇಲೊಂದಿಷ್ಟು ಕೋಡುಬಳೆ ಕಟ್ಟಿಸಿಕೊಳ್ಳುವವರನ್ನು ಕಂಡರೆ ಪಕ್ಕದಲ್ಲಿ ನಿಂತವರು ‘ಯಾವತ್ತು ಫ್ಲೈಟು?’ ಎಂದೇ ಮಾತು ಶುರುಮಾಡುತ್ತಾರೆ. ‘ಮಗಳ ಮನೆಗೋ, ಮಗನ ಮನೆಗೋ?’ ಎಂಬುದು ಎರಡನೆಯ ಪ್ರಶ್ನೆ. ಮಗಳ ಮನೆಗಾದರೆ ಬಾಣಂತನ. ಅಂಟಿನುಂಡೆಯೂ ಪಟ್ಟಿಗೆ ಸೇರುತ್ತದೆ. ಮಗನ ಮನೆಗಾದರೆ ಗೃಹಪ್ರವೇಶ. ದರ್ಭೆ, ಅರಿಸಿನದ ಕೊಂಬು, ಕಳಶದ ಚೊಂಬು. ಮಲ್ಲೇಶ್ವರದವರು ಇದೇ ಮಾತುಕತೆಯನ್ನು ಎಂಟನೇ ಕ್ರಾಸಿನಲ್ಲಿ ನಡೆಸುತ್ತಾರೆ, ಚಾಮರಾಜಪೇಟೆಯವರು ರಾಮೋತ್ಸವದ ಕಚೇರಿಯ ನಡುವೆ ತನಿ ಆವರ್ತನ ನಡೆಯುವಾಗ. ಹಳೆ ಬೆಂಗಳೂರಿನ ಈ ಮೂರು ಪೇಟೆಗಳಲ್ಲಿ ಅರವತ್ತು ದಾಟಿದ ಎಷ್ಟೋ ದಂಪತಿಗೆ ಸಹಸ್ರನಾಮದಷ್ಟೇ ಸಲೀಸಾಗಿ ಎಸ್‌ಎಫ್‌ಒ, ಓಆರ್‌ಡಿ, ಡಿಎಫ್‌ಡಬ್ಲ್ಯು ಎಂಬ ವಿಮಾನ ನಿಲ್ದಾಣಗಳ ಸಂಕೇತಗಳು ಬಾಯಿಗೆ ಬರುತ್ತವೆ.

ಹೊರಡುವ ಹಿಂದಿನ ರಾತ್ರಿ ಹಾಲಿನಲ್ಲಿ ನಡೆಯುವ ತೂಕದ ಕಾರ್ಯಕ್ರಮವನ್ನು ನೋಡಬೇಕು. ಮನೆಯೊಡೆಯ ಬಚ್ಚಲುಮನೆಯ ತೂಕದ ಯಂತ್ರದ ಮೇಲೆ ಮೊದಲು ಒಬ್ಬನೇ ನಿಲ್ಲುತ್ತಾನೆ. ಆಮೇಲೆ ಸೂಟ್‌ಕೇಸನ್ನು ಅಪ್ಪಿಕೊಂಡು ನಿಲ್ಲುತ್ತಾನೆ. ಪೆಟ್ಟಿಗೆ ಅಡ್ಡ ಇರುವುದರಿಂದ ಅವನಿಗೆ ಅಂಕಿ ಕಾಣುವುದಿಲ್ಲ. ಹೆಂಡತಿ ಕನ್ನಡಕ ಏರಿಸಿಕೊಂಡು, ನೆಲಕ್ಕೆ ಬಗ್ಗಿ ಓದಿ, ಕಳೆಯುವ ಲೆಕ್ಕ ಮಾಡಿ, ‘ಇಪ್ಪತ್ತೈದೂವರೆ’ ಎನ್ನುತ್ತಾಳೆ. ಮಿತಿ 23. ಎರಡೂವರೆ ಕಿಲೋ ಹೊರಗೆ ಬರಬೇಕು. ಹುಳಿಪುಡಿ ಬರುವಂತಿಲ್ಲ, ಮೆಂತ್ಯದ ಹಿಟ್ಟು ಬರುವಂತಿಲ್ಲ, ಮೊಮ್ಮಗುವಿನ ರೇಷ್ಮೆ ಲಂಗ ಬರುವಂತಿಲ್ಲ. ಯಾವ ಮನೆಯಲ್ಲಿ ನೋಡಿದರೂ ಕೊನೆಗೆ ಹೊರಬೀಳುವುದು ಅಪ್ಪನ ಪುಸ್ತಕಗಳೇ. ಜಾಗ ಆಯಿತಲ್ಲ ಎಂದು ಉಸಿರು ಬಿಡುವ ಹೊತ್ತಿಗೆ ಎದುರು ಮನೆಯವರು ಒಂದು ಪೊಟ್ಟಣ ಹಿಡಿದು ಬರುತ್ತಾರೆ: ‘ಹೇಗೂ ಹೋಗ್ತಿದೀರಲ್ಲ, ನಮ್ಮ ಹುಡುಗ ಅಲ್ಲೇ ಪಕ್ಕದಲ್ಲಿದಾನೆ.’ ಆ ಪಕ್ಕ ಸಾವಿರ ಮೈಲಿ ದೂರದಲ್ಲಿರುತ್ತದೆ.

ತೂಕವನ್ನಾದರೂ ಮನೆಯಲ್ಲೇ ಸರಿಮಾಡಬಹುದು. ದಾರಿಯ ನಡುವೆ ವಿಮಾನ ಬದಲಿಸುವ ಕಡೆ ಆ ಪೆಟ್ಟಿಗೆ ಎಲ್ಲಿ ಇಳಿಯುತ್ತದೆ, ಎಲ್ಲಿ ತಾನಾಗಿ ಮುಂದೆ ಹೋಗುತ್ತದೆ ಎಂಬುದು ಮಾತ್ರ ಓದುಬರಹ ಬಲ್ಲವರನ್ನೂ ಕಂಗಾಲು ಮಾಡುತ್ತದೆ. ದೇವನಹಳ್ಳಿಯ ಕೌಂಟರಿನಲ್ಲಿ ಕೂತ ಹುಡುಗಿ ‘ಲಗೇಜು ಕೊನೆವರೆಗೂ ಹೋಗುತ್ತೆ ಆಂಟಿ’ ಎಂದು ನಗುತ್ತಾಳೆ. ಅವಳು ಕಟ್ಟಿದ ಚೀಟಿಯ ಮೇಲೂ ಕೊನೆಯ ಊರಿನ ಹೆಸರೇ ಇರುತ್ತದೆ. ಆದರೂ ಅದು ಅರ್ಧ ಸತ್ಯ. ಬೆಂಗಳೂರಿನಿಂದ ಫ್ರಾಂಕ್‌ಫರ್ಟ್, ಅಲ್ಲಿಂದ ಶಿಕಾಗೋ, ಅಲ್ಲಿಂದ ಓಹಾಯೋದ ಕೊಲಂಬಸ್ ಎಂದುಕೊಳ್ಳಿ. ಫ್ರಾಂಕ್‌ಫರ್ಟಿನಲ್ಲಿ ನೀವು ಜರ್ಮನಿಯ ಒಳಕ್ಕೆ ಕಾಲಿಡುವುದಿಲ್ಲ, ಹಾಗಾಗಿ ಪೆಟ್ಟಿಗೆ ತನ್ನ ಪಾಡಿಗೆ ತಾನು ಮುಂದಿನ ವಿಮಾನ ಹತ್ತುತ್ತದೆ. ಶಿಕಾಗೋದಲ್ಲಿ ಹಾಗಿಲ್ಲ. ಅಲ್ಲಿ ಅಮೆರಿಕ ಶುರು. ವಲಸೆ ಅಧಿಕಾರಿಯ ತಪಾಸಣೆ ಆದಮೇಲೆ ಬೆಲ್ಟಿನ ಹತ್ತಿರ ಹೋಗಿ, ನಿಮ್ಮ ಪೆಟ್ಟಿಗೆಗಳನ್ನು ನೀವೇ ಇಳಿಸಿಕೊಂಡು, ಸುಂಕದವರ ಮುಂದೆ ಹಾಯಿಸಿ, ಆಚೆಗಿರುವ ಇನ್ನೊಂದು ಬೆಲ್ಟಿಗೆ ಮತ್ತೆ ಹಾಕಬೇಕು. ಮುಂದಿನದು ದೇಶದೊಳಗಿನ ವಿಮಾನ. ಕೊಲಂಬಸ್ಸಿನಲ್ಲಿ ನಿಮ್ಮ ಪೆಟ್ಟಿಗೆ ಸ್ಥಳೀಯರ ಪೆಟ್ಟಿಗೆಗಳ ಜತೆ ಸುತ್ತುತ್ತದೆ. ಅಲ್ಲಿ ಅದನ್ನು ತೆಗೆದು ನೋಡುವ ಸುಂಕದವನಿರುವುದಿಲ್ಲ. ಆದ್ದರಿಂದ ದೇಶದ ಹೊಸಿಲಲ್ಲೇ ನೋಡಿ ಬಿಡುತ್ತಾರೆ. ಈ ಕಾರಣವನ್ನು ಒಬ್ಬರಾದರೂ ಬಿಡಿಸಿ ಹೇಳಿದ್ದರೆ, ‘ಟ್ಯಾಗಿನ ಮೇಲೆ ಕೊಲಂಬಸ್ ಅಂತಿದೆಯಲ್ಲ’ ಎಂದು ಪೆಟ್ಟಿಗೆಯನ್ನು ಬೆಲ್ಟಿನಲ್ಲೇ ಬಿಟ್ಟು ಮುಂದೆ ಹೋಗುವವರ ಸಂಖ್ಯೆ ಕಡಿಮೆಯಾಗುತ್ತಿತ್ತು.

ನಮ್ಮ ಹಿರಿಯರಿಗೆ ಈ ಇಳಿಸಿ ಹತ್ತಿಸುವ ಕೆಲಸ ಹೊಸದೇನಲ್ಲ. ಎಚ್‌ಎಎಲ್ ವಿಮಾನ ನಿಲ್ದಾಣದಿಂದ ಪರದೇಶಕ್ಕೆ ನೇರ ವಿಮಾನಗಳು ಅಪರೂಪವಾಗಿದ್ದ ಕಾಲದಲ್ಲಿ ಬೊಂಬಾಯಿಗೆ ಹೋಗಿ, ಸಾಂತಾಕ್ರೂಜ್‌ನಲ್ಲಿ ಇಳಿದು, ಪೆಟ್ಟಿಗೆ ಹೊತ್ತು ಸಹಾರ್ ಟರ್ಮಿನಲ್ ಸೇರಬೇಕಿತ್ತು. ರಾತ್ರಿಯ ವಿಮಾನದವರೆಗೆ ಮಾಟುಂಗದ ನೆಂಟರ ಮನೆಯಲ್ಲಿ ಊಟ. ಲುಫ್ತಾನ್ಸಾ 2001ರಲ್ಲಿ ಬೆಂಗಳೂರಿಗೆ ಬಂತು. 2008ರ ಮೇ 24ರಂದು ದೇವನಹಳ್ಳಿಯ ನಿಲ್ದಾಣ ತೆರೆಯಿತು. 2021ರ ಜನವರಿಯಲ್ಲಿ ಮಹಿಳಾ ಪೈಲಟ್‌ಗಳೇ ಸ್ಯಾನ್‌ಫ್ರಾನ್ಸಿಸ್ಕೋದಿಂದ ಉತ್ತರ ಧ್ರುವದ ಮೇಲೆ ಹಾದು ನೇರ ಬೆಂಗಳೂರಿಗೆ ವಿಮಾನ ತಂದಿಳಿಸಿದಾಗ, ನಮ್ಮ ಬೀದಿಯ ಸಂಭ್ರಮ ಹೆಣ್ಣುಮಕ್ಕಳ ಸಾಹಸಕ್ಕೆ ಎಷ್ಟಿತ್ತೋ, ನಡುವೆ ಲಗೇಜು ಇಳಿಸಬೇಕಿಲ್ಲ ಎಂಬುದಕ್ಕೂ ಅಷ್ಟೇ ಇತ್ತು.

ಪೆಟ್ಟಿಗೆಯೊಳಗಿನ ಪದಾರ್ಥಗಳಿಗೂ ಒಂದೊಂದು ಜಾತಕ ಇದೆ. ಕೊಬ್ಬರಿಯನ್ನೇ ತೆಗೆದುಕೊಳ್ಳಿ. ತಿಪಟೂರಿನ ಕೊಬ್ಬರಿ ಇಲ್ಲದೆ ಎಳ್ಳು ಬೀರುವುದು ಹೇಗೆ? ಆದರೆ ವಿಮಾನದ ಅಪಾಯಕಾರಿ ಸರಕುಗಳ ಪಟ್ಟಿಯಲ್ಲಿ ಒಣಕೊಬ್ಬರಿಗೆ ಯುಎನ್ 1363 ಎಂಬ ಸಂಖ್ಯೆ ಇದೆ. ತಾನಾಗಿ ಹೊತ್ತಿಕೊಳ್ಳಬಲ್ಲ ವಸ್ತುಗಳ ವರ್ಗಕ್ಕೆ ಅದು ಸೇರುತ್ತದೆ. ಎಣ್ಣೆಯಂಶ ಹೆಚ್ಚಿರುವ ಕೊಬ್ಬರಿ ರಾಶಿಯಲ್ಲಿ ಕಾವೇರಿದರೆ ಕಿಡಿಯೇ ಬೇಕಿಲ್ಲವಂತೆ. ಹೀಗಾಗಿ ಪೆಟ್ಟಿಗೆಯಲ್ಲಿ ಕೊಬ್ಬರಿ ಗಿಟುಕು ಕಂಡರೆ ತೆಗೆದಿಡುತ್ತಾರೆ. ಚಟ್ನಿಪುಡಿಯೊಳಗೆ ಪುಡಿಯಾಗಿ ಸೇರಿಹೋದ ಕೊಬ್ಬರಿಯನ್ನು ಹಿಡಿಯುವ ಯಂತ್ರ ಇನ್ನೂ ಬಂದಿಲ್ಲ, ಬರುವುದೂ ಬೇಡ.

ಹಸಿ ಕರಿಬೇವಿನ ಮೇಲೆ ಅಮೆರಿಕದವರ ಸಿಟ್ಟಿಗೆ ಬೇರೆ ಕಾರಣ. ಕರಿಬೇವು ಕಿತ್ತಳೆ, ನಿಂಬೆಗಳ ಕುಟುಂಬದ ಗಿಡ. ಕಿತ್ತಳೆ ತೋಟಗಳನ್ನು ಹಾಳುಮಾಡುವ ರೋಗವೊಂದನ್ನು ಹೊತ್ತು ತಿರುಗುವ ಪುಟ್ಟ ಹುಳು ಅದರ ಮೇಲೆ ಸುಖವಾಗಿ ಬದುಕುತ್ತದೆ. 2005ರಲ್ಲಿ ಫ್ಲಾರಿಡಾದಲ್ಲಿ ಕಾಣಿಸಿಕೊಂಡ ಆ ರೋಗ ಅಲ್ಲಿಯ ಕಿತ್ತಳೆ ಬೆಳೆಯನ್ನೇ ಕುಸಿಯುವಂತೆ ಮಾಡಿತು. ಹಿತ್ತಲಿನ ಗಿಡದಿಂದ ಕಿತ್ತ ನಾಲ್ಕು ಎಸಳನ್ನು ಅಮ್ಮ ಸೀರೆಯ ಮಡಿಕೆಯಲ್ಲಿಟ್ಟರೆ, ಅದರ ಹಿಂದೆ ಇಷ್ಟು ದೊಡ್ಡ ಕಥೆ ಇದೆ ಎಂದು ಅವರಿಗೆ ಹೇಗೆ ಗೊತ್ತಾಗಬೇಕು? ಬೆಲ್ಟಿನ ಬಳಿ ಸುತ್ತುವ ಬೀಗಲ್ ನಾಯಿಗೆ ಮಾತ್ರ ಗೊತ್ತಾಗುತ್ತದೆ. ಆ ನಾಯಿ ಬೊಗಳುವುದಿಲ್ಲ. ಸುಮ್ಮನೆ ಬಂದು ಪೆಟ್ಟಿಗೆಯ ಪಕ್ಕ ಕುಳಿತುಬಿಡುತ್ತದೆ. ಮಡಿಯ ಅಜ್ಜಿಯರು ‘ಮುಟ್ಟಿತಾ?’ ಎಂದು ಸೆರಗು ಸರಿಪಡಿಸಿಕೊಳ್ಳುವಷ್ಟರಲ್ಲಿ ಅಧಿಕಾರಿ ಬಂದಾಗಿರುತ್ತದೆ.

ಆದರೆ ನನ್ನ ಮಟ್ಟಿಗೆ ಎಲ್ಲಕ್ಕಿಂತ ವಿಚಿತ್ರವಾದದ್ದು ಗಸಗಸೆಯ ಸಂಗತಿ. ವಿಮಾನ ಬದಲಿಸುವ ಕಷ್ಟಕ್ಕೆ ಅಬುಧಾಬಿಯಲ್ಲಿ ಒಂದು ಒಳ್ಳೆಯ ಪರಿಹಾರ ಇದೆ. 2014ರಿಂದ ಅಲ್ಲಿ ಅಮೆರಿಕದ ಅಧಿಕಾರಿಗಳೇ ಕೂತು ವಲಸೆ, ಸುಂಕ ಎರಡನ್ನೂ ಮುಗಿಸಿಬಿಡುತ್ತಾರೆ. ನ್ಯೂಯಾರ್ಕಿನಲ್ಲೋ ಶಿಕಾಗೋದಲ್ಲೋ ನೀವು ಇಳಿಯುವುದು ದೇಶದೊಳಗಿನ ಪ್ರಯಾಣಿಕರ ಹಾಗೆ. ಒಂದೇ ಟಿಕೆಟ್ ಇದ್ದರೆ ಪೆಟ್ಟಿಗೆಯೂ ಸೀದಾ ಮುಂದಿನ ಊರಿಗೆ ಹೋಗುತ್ತದೆ. ಇದನ್ನು ಕಂಡುಕೊಂಡ ಜಾಣರು ನಮ್ಮಲ್ಲಿ ಬಹಳ ಜನ. ಆದರೆ ಅದೇ ಸಂಯುಕ್ತ ಅರಬ್ ಸಂಸ್ಥಾನದಲ್ಲಿ ಗಸಗಸೆ ನಿಷಿದ್ಧ ವಸ್ತು. ಅಫೀಮಿನ ಗಿಡದ ಬೀಜ ಎಂಬ ಲೆಕ್ಕ. ಸಿಂಗಪುರದಲ್ಲೂ ಹಾಗೇ. ನಮ್ಮಲ್ಲಿ ಹಬ್ಬದ ಪಾಯಸಕ್ಕೆ ಹಾಕುವ ಪದಾರ್ಥ ಸುಮಾರು ನಾಲ್ಕು ಗಂಟೆ ಹಾರುವಷ್ಟರಲ್ಲಿ ಮಾದಕ ವಸ್ತುವಾಗಿರುತ್ತದೆ. ಲಗೇಜಿನ ಅನುಕೂಲಕ್ಕೆ ಆ ದಾರಿ ಹಿಡಿಯುವವರು ಗಸಗಸೆಯನ್ನು ಗಾಂಧಿ ಬಜಾರಿನಲ್ಲೇ ಬಿಟ್ಟು ಹೋಗಬೇಕು. ಪಾಯಸದ ಆಸೆಯೇ ಬಲವಾದರೆ ಊಟ ಮುಗಿಸಿಕೊಂಡೇ ವಿಮಾನ ಹತ್ತುವುದು ಕ್ಷೇಮ.

ಪುಡಿಗಳನ್ನು ಕೈಚೀಲದಲ್ಲಿ ಇಟ್ಟುಕೊಂಡರಾಯಿತು ಎನ್ನುವವರಿಗೂ ಒಂದು ಮಾತು. 2018ರ ಜೂನ್ 30ರಿಂದ ಅಮೆರಿಕಕ್ಕೆ ಹೋಗುವ ವಿಮಾನಗಳಲ್ಲಿ 350 ಮಿಲಿಲೀಟರಿಗಿಂತ ಹೆಚ್ಚಿನ ಪುಡಿ ಕೈಚೀಲದಲ್ಲಿದ್ದರೆ ಹೆಚ್ಚುವರಿ ತಪಾಸಣೆ. ಹುಳಿಪುಡಿ ಪೆಟ್ಟಿಗೆಯಲ್ಲೇ ಇರಲಿ. ‘ತಿನ್ನುವ ಪದಾರ್ಥ ಇದೆಯೇ?’ ಎಂದು ಕೇಳಿದರೆ ಇದೆ ಎನ್ನಿ. ಇದೆ ಎಂದವರಿಗೆ ಅಬ್ಬಬ್ಬಾ ಎಂದರೆ ಒಂದು ಪೊಟ್ಟಣ ನಷ್ಟ. ಇಲ್ಲ ಎಂದು ಸಿಕ್ಕಿಬಿದ್ದರೆ ಮೊದಲ ಸಲವೇ 1,000 ಡಾಲರ್‌ವರೆಗೆ ದಂಡ ಬೀಳಬಹುದು. ಅಲ್ಲಿ ನಿಂತು ಮೊಮ್ಮಗುವಿನ ನಾಮಕರಣ, ಸೊಸೆಯ ಬಯಕೆ ಎಂದೆಲ್ಲ ಶುರುಮಾಡುವವರನ್ನು ಕಂಡಿದ್ದೇನೆ. ಸುಂಕದವನ ಮುಂದೆ ಸುಖದುಃಖ ಹೇಳಿಕೊಳ್ಳಬೇಡ ಎಂಬ ಗಾದೆ ನಮ್ಮ ಭಾಷೆಯಲ್ಲೇ ಹುಟ್ಟಿದ್ದರೂ ನಾವೇ ಅದನ್ನು ಮರೆಯುತ್ತೇವೆ.

ಹೋಗುವಾಗಿನ ಕಥೆ ಇಷ್ಟಾದರೆ, ಬರುವಾಗಿನದು ಇದಕ್ಕಿಂತ ಕಷ್ಟ. ಈಗ ದೇಹವೂ ದಣಿದಿರುತ್ತದೆ. ದೆಹಲಿ ಅಥವಾ ಮುಂಬೈ ಮೂಲಕ ಬಂದರೆ ನಿಯಮ ತಿರುಗುಮುರುಗಾಗಿ ನಮ್ಮ ನೆಲದಲ್ಲೂ ಅದೇ. ಸಾಮಾನ್ಯವಾಗಿ ಅಲ್ಲೇ ಪೆಟ್ಟಿಗೆ ಇಳಿಸಿಕೊಂಡು, ಹಸಿರು ದಾರಿಯಲ್ಲೋ ಕೆಂಪು ದಾರಿಯಲ್ಲೋ ಹಾದು, ದೇಶದೊಳಗಿನ ವಿಮಾನದ ಕೌಂಟರಿಗೆ ಮತ್ತೆ ಒಪ್ಪಿಸಿ, ಮತ್ತೊಮ್ಮೆ ಭದ್ರತಾ ತಪಾಸಣೆಗೆ ನಿಲ್ಲಬೇಕು. ಹದಿನಾರು ಗಂಟೆ ಕೂತು ಕಾಲು ಊದಿಸಿಕೊಂಡ ಎಪ್ಪತ್ತರ ದಂಪತಿ ನಾಲ್ಕು ಸೂಟ್‌ಕೇಸನ್ನು ಎರಡು ತಳ್ಳುಗಾಡಿಗೆ ಹೇರಿ, ಬೆಳಗಿನ ಜಾವ ಮೂರು ಗಂಟೆಗೆ ಹಿಂದಿಯಲ್ಲಿ ದಾರಿ ಕೇಳುವುದನ್ನು ಒಮ್ಮೆ ನೋಡಿದರೆ ಸಾಕು.

ಸುಂಕದ ಲೆಕ್ಕ ಬಹುಪಾಲು ಜನ ಹೆದರುವಷ್ಟು ಭಯಂಕರವಲ್ಲ. 2016ರ ನಿಯಮದಲ್ಲಿ 50,000 ರೂಪಾಯಿವರೆಗಿನ ಸಾಮಾನಿಗೆ ಸುಂಕವಿರಲಿಲ್ಲ. 2026ರ ಫೆಬ್ರವರಿಯಲ್ಲಿ ಬಂದ ಹೊಸ ನಿಯಮ ಅದನ್ನು 75,000ಕ್ಕೆ ಏರಿಸಿತು. ಬಾದಾಮಿ, ಚಾಕೊಲೇಟು, ವಿಟಮಿನ್ ಮಾತ್ರೆಗಳ ಡಬ್ಬಗಳು ಇದರೊಳಗೇ ಮುಗಿಯುತ್ತವೆ. ಚಿನ್ನದ ಮಾತು ಬೇರೆ. ವರ್ಷಕ್ಕಿಂತ ಹೆಚ್ಚು ಹೊರಗೆ ನೆಲೆಸಿ ಬರುವ ಹೆಂಗಸರಿಗೆ 40 ಗ್ರಾಂ ಒಡವೆಯ ರಿಯಾಯಿತಿ ಇದೆ. ಆರು ತಿಂಗಳ ವೀಸಾದಲ್ಲಿ ಬಾಣಂತನ ಮಾಡಿ ಬರುವ ಅಜ್ಜಿಗೆ ಅದು ಸಿಗುವುದಿಲ್ಲ. ಹಾಗಾಗಿ ಉಪನಯನಕ್ಕೆಂದು ಲಾಕರಿನಿಂದ ತೆಗೆದ ಅವಲಕ್ಕಿ ಸರ ಹಾಕಿಕೊಂಡು ಹೊರಡುವವರು ಬೆಂಗಳೂರಿನಲ್ಲೇ ಸುಂಕದ ಕಚೇರಿಯವರಿಗೆ ತೋರಿಸಿ ರಫ್ತು ಪ್ರಮಾಣಪತ್ರ ಮಾಡಿಸಿಕೊಳ್ಳುವುದು ಒಳ್ಳೆಯದು. ಇದಕ್ಕೆ ಸ್ವಲ್ಪ ಮೊದಲೇ ಹೋಗಬೇಕು. ಮಲ್ಲೇಶ್ವರದವರು ಮೇಖ್ರಿ ಸರ್ಕಲ್ ದಾಟಿದರೆ ಬಳ್ಳಾರಿ ರಸ್ತೆ ಎಂದು ಜಂಬ ಪಡಬಹುದು; ಬಸವನಗುಡಿಯವರಿಗೆ ಹೆಚ್ಚುಕಡಿಮೆ 40 ಕಿಲೋಮೀಟರ್.

ನಮ್ಮ ರಸ್ತೆಯಲ್ಲಿ ನಿವೃತ್ತ ಬ್ಯಾಂಕ್ ಅಧಿಕಾರಿಯೊಬ್ಬರಿದ್ದಾರೆ. ಲಗೇಜು ಚೀಟಿಯ ತುಂಡುಗಳನ್ನು ಅವರು ಪಾಸ್‌ಬುಕ್ಕಿನಂತೆ ಜೋಪಾನ ಮಾಡುತ್ತಾರೆ. ಪೆಟ್ಟಿಗೆ ಬರದಿದ್ದರೆ ನಿಲ್ದಾಣ ಬಿಡುವ ಮೊದಲೇ ದೂರಿನ ವರದಿ ಬರೆಸಬೇಕು, ಒಳಗಿನ ವಸ್ತು ಹಾಳಾಗಿದ್ದರೆ 7 ದಿನದೊಳಗೆ, ತಡವಾಗಿ ಬಂದಿದ್ದರೆ ಕೈಸೇರಿದ 21 ದಿನದೊಳಗೆ ಬರವಣಿಗೆಯಲ್ಲಿ ಕೇಳಬೇಕು, ಇದು 1999ರ ಮಾಂಟ್ರಿಯಲ್ ಒಪ್ಪಂದದ ಮಾತು ಎಂದು ಬೆಳಗಿನ ವಾಕಿಂಗಿನಲ್ಲಿ ಎಲ್ಲರಿಗೂ ಪಾಠ ಹೇಳುತ್ತಾರೆ. ಜನ ನಗುತ್ತಾರೆ. ಹೊರಡುವ ವಾರ ಬಂದಾಗ ಅವರ ಮನೆಯ ಗೇಟು ತಟ್ಟುತ್ತಾರೆ.

ಅವರು ಹೇಳುವುದರಲ್ಲಿ ನಾನು ಪೂರ್ತಿ ಒಪ್ಪುವ ಮಾತು ಟಿಕೆಟ್ಟಿನದು. ಟಿಕೆಟ್ ಕೊಳ್ಳುವವರು ಮಕ್ಕಳು. ಅಂತರರಾಷ್ಟ್ರೀಯ ಟಿಕೆಟ್ ಒಂದು ಕಡೆ, ದೆಹಲಿಯಿಂದ ಬೆಂಗಳೂರಿಗೆ ಅಗ್ಗದ ಟಿಕೆಟ್ ಇನ್ನೊಂದು ಕಡೆ ಕೊಂಡು ನೂರು ಡಾಲರ್ ಉಳಿಸಿದೆ ಎಂದು ಬೀಗುತ್ತಾರೆ. ಬೇರೆ ಬೇರೆ ಟಿಕೆಟ್ಟಾದರೆ ದೇಶದೊಳಗಿನ ವಿಮಾನದಲ್ಲಿ ಸಾಮಾನ್ಯವಾಗಿ ಸಿಗುವುದು 15 ಕಿಲೋ. ಕೈಯಲ್ಲಿರುವುದು ತಲೆಗೆ 46. ಉಳಿಸಿದ ನೂರು ಡಾಲರ್ ಅಲ್ಲೇ ತೂಕಕ್ಕೆ ಹೋಗುತ್ತದೆ. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಅದು ನಮ್ಮ ಹೊಣೆಯಲ್ಲ ಎಂದು ಎರಡೂ ಕಂಪನಿಗಳು ಕೈ ತೊಳೆದುಕೊಳ್ಳುತ್ತವೆ. ಒಂದೇ ಪಿಎನ್‌ಆರ್ ಇದ್ದರೆ 46 ಕಿಲೋ ಬೆಂಗಳೂರಿನವರೆಗೂ 46 ಕಿಲೋವೇ, ವಿಮಾನ ತಪ್ಪಿದರೆ ಮುಂದಿನದಕ್ಕೆ ಕೂರಿಸುವುದೂ ಅವರ ಕೆಲಸವೇ.

ಆದ್ದರಿಂದ ಸಮುದ್ರದಾಚೆ ಕೂತು ಅಪ್ಪ ಅಮ್ಮನಿಗೆ ಟಿಕೆಟ್ ಹುಡುಕುತ್ತಿರುವ ಮಕ್ಕಳೇ, ದರದ ಪಟ್ಟಿಯಲ್ಲಿ ಮೊದಲ ಸಾಲನ್ನೇ ಒತ್ತಬೇಡಿ. ಭಾರತದಲ್ಲಿ ಅವರು ಮೊದಲು ಇಳಿಯುವ ನಿಲ್ದಾಣ ಬೆಂಗಳೂರೇ ಆಗಿರಲಿ, ಸುಂಕದವನ ಜತೆ ಕನ್ನಡದಲ್ಲೇ ಮಾತಾಡಲಿ. ಅದು ಆಗದಿದ್ದರೆ ಒಂದೇ ಟಿಕೆಟ್, ನಡುವೆ ಕನಿಷ್ಠ ನಾಲ್ಕು ಗಂಟೆ ಬಿಡುವು, ಇಬ್ಬರಿಗೂ ಗಾಲಿಕುರ್ಚಿ. ಹೆಚ್ಚಾಗುವ ಹಣವನ್ನು ಹುಳಿಪುಡಿಯ ಖಾತೆಗೆ ಬರೆದುಕೊಳ್ಳಿ.