ಜ್ಞಾನಸ್ನಾನದ ಪುಸ್ತಕದಲ್ಲಿ ನಮ್ಮ ಮನೆತನ



ಮದುವೆಯ ಮಾತುಕತೆಗೆ ಕುಳಿತಾಗ ನಮ್ಮ ಹಿರಿಯರು ಮೊದಲು ಕೇಳುವ ಪ್ರಶ್ನೆ ನಿಮಗೆ ತಿಳಿದೇ ಇದೆ: "ಯಾವ ಮನೆತನ? ಮೂಲ ಯಾವ ಊರು?" ನಮ್ಮ ಮನೆಯಲ್ಲಿ ಇದಕ್ಕೊಂದು ಸಿದ್ಧ ಉತ್ತರವಿತ್ತು. ನನ್ನ ಮುತ್ತಜ್ಜಿ ಕಡೂರಿನ ಪಟೇಲರ ಮನೆಯ ಮಗಳು. ಆಕೆಯ ತಂದೆ ವಿಶ್ವಾಸಕ್ಕಾಗಿ ಹೊಲ, ಮನೆ, ತುಂಬಿದ ಕಣಜ ಎಲ್ಲವನ್ನೂ ತೊರೆದು ಬಂದವರು. ತರೀಕೆರೆಯಲ್ಲಿರುವ ನನ್ನ ದೊಡ್ಡಪ್ಪ ಈಗ ತೊಂಬತ್ತರ ಹೊಸ್ತಿಲಲ್ಲಿದ್ದಾರೆ. ಈ ಕಥೆ ಹೇಳುವಾಗ ಅವರ ಬಾಗಿದ ಬೆನ್ನೂ ನೆಟ್ಟಗಾಗುತ್ತಿತ್ತು.

ಕೆಲವು ತಿಂಗಳ ಹಿಂದೆ ಮನೆಯ ಮಕ್ಕಳು ನಮ್ಮ ವಂಶವೃಕ್ಷ ಬರೆದುಕೊಡಿ ಎಂದು ಹಟ ಹಿಡಿದರು. ಚರ್ಚಿನ ಪುಸ್ತಕಗಳನ್ನು ಓದಲು ಬಲ್ಲವನು ಮನೆಯಲ್ಲಿ ನಾನೊಬ್ಬನೇ. ಸೆಮಿನರಿಯಲ್ಲಿ ಕಲಿತ ಅರೆಬರೆ ಲತೀನು ಹೀಗೊಂದು ಕೆಲಸಕ್ಕೆ ಬರುವುದೆಂದು ನಾನು ಎಣಿಸಿರಲಿಲ್ಲ.

ಇಂಥ ಪುಸ್ತಕಗಳಿಗೆ ದೀರ್ಘ ಇತಿಹಾಸವಿದೆ. ಇಂಗ್ಲೆಂಡಿನಲ್ಲಿ 1538ರಲ್ಲೇ ಪ್ರತಿ ಹಳ್ಳಿಯ ಚರ್ಚೂ ಜ್ಞಾನಸ್ನಾನ, ಮದುವೆ, ಸಮಾಧಿಗಳನ್ನು ಬರೆದಿಡಬೇಕೆಂದು ಆಜ್ಞೆಯಾಯಿತು. ಅಲ್ಲಿನ ಸಾಮಾನ್ಯ ರೈತಾಪಿ ಮನೆಗಳವರು ಇಂದು ನೂರಾರು ವರ್ಷಗಳ ಹಿಂದಿನ ಹಿರಿಯರನ್ನು ಗುರುತಿಸುವುದು ಆ ಪುಸ್ತಕಗಳಿಂದಲೇ. ನಮ್ಮ ಧರ್ಮಸಭೆಯಲ್ಲಿ 1563ರಲ್ಲಿ ಟ್ರೆಂಟ್ ಮಹಾಸಭೆಯು ಗುರುಗಳಿಗೆ ಈ ಹೊಣೆಯನ್ನು ವಿಧಿಸಿತು. ಮೈಸೂರು ಸೀಮೆಗೆ ಬಂದ ಫ್ರೆಂಚ್ ಗುರುಗಳೂ ಇದನ್ನು ಪಾಲಿಸಿದರು. ಚಿಕ್ಕಮಗಳೂರು ಧರ್ಮಪ್ರಾಂತ್ಯ ರಚನೆಯಾದದ್ದು 1963ರಲ್ಲಿ. ಅದಕ್ಕೂ ಮುನ್ನ ಈ ಸೀಮೆ ಮೈಸೂರು ಧರ್ಮಪ್ರಾಂತ್ಯಕ್ಕೆ ಸೇರಿತ್ತು. ಆದ್ದರಿಂದ ನಿಮ್ಮ ಅಜ್ಜನ ಹೆಸರು ನಿಮ್ಮೂರ ಚರ್ಚಿನಲ್ಲಿ ಸಿಗದಿದ್ದರೆ ಎದೆಗುಂದಬೇಡಿ. ಆಗ ನಿಮ್ಮೂರಿಗೆ ತಾಯಿ ಧರ್ಮಕೇಂದ್ರ ಯಾವುದಾಗಿತ್ತೆಂದು ಮೊದಲು ವಿಚಾರಿಸಿರಿ.

ನಾನು ತಂದೆಯವರಿಂದ ಆರಂಭಿಸಿದೆ. ಅವರು ಹುಟ್ಟಿದ್ದು 1938ರಲ್ಲಿ ಅಜ್ಜಂಪುರದಲ್ಲಿ. ಅಜ್ಜ ಅಲ್ಲಿ ರೈಲ್ವೆ ಗ್ಯಾಂಗ್‌ಮನ್ ಆಗಿದ್ದರು. ಅಜ್ಜ ಹುಟ್ಟಿದ್ದು 1901ರಲ್ಲಿ ತರೀಕೆರೆಯಲ್ಲಿ, ಬೀರೂರಿನಿಂದ ಶಿವಮೊಗ್ಗೆಗೆ ರೈಲು ಬಂದ ಎರಡು ವರ್ಷಕ್ಕೆ. ಇಷ್ಟು ದೂರ ದಾರಿ ಸುಗಮವಾಗಿತ್ತು. 1908ರಿಂದ ಜಾರಿಗೆ ಬಂದ ಧರ್ಮಸಭೆಯ ಕಟ್ಟಳೆಯಂತೆ, ಒಬ್ಬರ ಮದುವೆಯ ವಿವರವನ್ನು ಅವರ ಜ್ಞಾನಸ್ನಾನದ ದಾಖಲೆಯ ಬದಿಯಲ್ಲೂ ಬರೆಯಬೇಕು. ಪುಟದ ಅಂಚಿನ ಆ ಎರಡು ಸಾಲುಗಳೇ ಒಂದು ಊರಿನಿಂದ ಮತ್ತೊಂದು ಊರಿಗೆ ಕೈಹಿಡಿದು ನಡೆಸುತ್ತವೆ.

ಅದಕ್ಕೂ ಹಿಂದೆ ಹೋದಂತೆ ದಾರಿ ಕವಲೊಡೆಯುತ್ತದೆ. ಮನೆಯಲ್ಲಿ ರಾಯಪ್ಪನೆಂದು ಕರೆದವನು ಪುಸ್ತಕದಲ್ಲಿ ಪೇತ್ರುಸ್, ಚಿನ್ನಪ್ಪ ಪೌಲುಸ್, ಅರುಳಪ್ಪ ಯೊಹಾನ್ನೆಸ್, ಚೌರಪ್ಪ ಫ್ರಾನ್ಸಿಸ್ಕುಸ್ ಕ್ಸವೇರಿಯುಸ್. ಇದನ್ನು ಅರಿಯದವರು ತಮ್ಮ ಅಜ್ಜನ ಹೆಸರಿನ ಮೇಲೇ ಬೆರಳಿಟ್ಟು ಮುಂದೆ ಸಾಗಿಬಿಡುತ್ತಾರೆ.

ಹಳೆಯ ಚರ್ಚೊಂದರಲ್ಲಿ ನನ್ನ ಮುತ್ತಜ್ಜನ ಮದುವೆಯ ದಾಖಲೆ ಸಿಕ್ಕಿತು. ವರ್ಷ 1888. ಕಡೂರು, ಬೀರೂರು, ಅಜ್ಜಂಪುರಗಳ ಮೇಲೆ ಹರಿಹರದ ಕಡೆಗೆ ರೈಲುಹಾದಿ ಸಿದ್ಧವಾಗುತ್ತಿದ್ದ ಕಾಲ. ವರ, ರೈಲುಹಾದಿಯ ಕೂಲಿ. ವಧು, ಕಡೂರು ಜಿಲ್ಲೆಯವಳು. ಅಲ್ಲಿಗೆ ನಮ್ಮ ಕಥೆಯ ಮೊದಲ ಗೂಟ ಸಡಿಲವಾಯಿತು. ಇಂದಿನ ಚಿಕ್ಕಮಗಳೂರು ಜಿಲ್ಲೆಗೆ 1947ರವರೆಗೆ ಕಡೂರು ಜಿಲ್ಲೆಯೆಂದೇ ಹೆಸರು. ನಾವು ಊರೆಂದು ನಂಬಿದ್ದು ಊರೇ ಆಗಿರಲಿಲ್ಲ. ವಧುವಿನ ತಂದೆತಾಯಿಯ ಹೆಸರಿರಬೇಕಾದ ಕಡೆ ಎರಡು ಪದಗಳಿದ್ದವು: ಪಾರೆಂತಿಬುಸ್ ಇಗ್ನೋತಿಸ್. ತಂದೆತಾಯಿ ಯಾರೆಂದು ತಿಳಿಯದು.

ಅದೇ ಕಪಾಟಿನಲ್ಲಿದ್ದ ಇನ್ನೂ ಹಳೆಯ ಪುಸ್ತಕದಲ್ಲಿ ಆಕೆಯ ಜ್ಞಾನಸ್ನಾನದ ಸಾಲು ಕಂಡಿತು. ವರ್ಷ 1877. ನಮ್ಮ ಹಿರಿಯರು ಧಾತು ಈಶ್ವರ ಸಂವತ್ಸರದ ಬರವೆಂದು ಕರೆಯುತ್ತಿದ್ದ ಮಹಾಕ್ಷಾಮದ ಕಾಲವದು. 1871ರ ಜನಗಣತಿಯಲ್ಲಿ ಐವತ್ತು ಲಕ್ಷ ದಾಟಿದ್ದ ಮೈಸೂರು ಸಂಸ್ಥಾನದ ಜನಸಂಖ್ಯೆ 1881ರಲ್ಲಿ ನಲವತ್ತೆರಡು ಲಕ್ಷಕ್ಕೂ ಕೆಳಗಿಳಿದಿತ್ತು. ನನ್ನೆದುರಿನ ಪುಟದಲ್ಲಿ ಒಂದೇ ವಾರದಲ್ಲಿ ಹನ್ನೊಂದು ಮಕ್ಕಳು. ಹನ್ನೊಂದು ಬಾರಿಯೂ ಅದೇ ಎರಡು ಪದಗಳು. ಅವರಲ್ಲಿ ಒಬ್ಬಳು, ಸುಮಾರು ಐದು ವರ್ಷದವಳು, ನನ್ನ ಮುತ್ತಜ್ಜಿ. ಜ್ಞಾನತಾಯಿ ಒಬ್ಬ ವಿಧವೆ. ಸಹಿಯ ಸ್ಥಳದಲ್ಲಿ ಶಿಲುಬೆಯ ಗುರುತು. ಆ ವಿಧವೆಯ ಹೆಸರನ್ನೇ ಮಗುವಿಗೂ ಇಟ್ಟಿದ್ದರು.

ಒಂದು ಮಾತನ್ನು ಮರೆಮಾಚದೆ ಒಪ್ಪಿಕೊಳ್ಳುತ್ತೇನೆ. ನಾನು ಆ ಪುಸ್ತಕವನ್ನು ಮುಚ್ಚಿದೆ. ಮನೆಗೆ ಹೋಗಿ ಯಾರಿಗೂ ಹೇಳಲಿಲ್ಲ. ಡಿಸೆಂಬರ್ 17ರ ಪೂಜೆಯಲ್ಲಿ ಪ್ರಭುವಿನ ವಂಶಾವಳಿಯನ್ನು ಓದಿ, ಸಂತ ಮತ್ತಾಯನು ತಾಮಾರಳನ್ನೂ ರಾಹಾಬಳನ್ನೂ ಪರನಾಡಿನ ರೂತಳನ್ನೂ ಮುಚ್ಚಿಡದೆ ಬರೆದನೆಂದು ಮೂವತ್ತು ವರ್ಷಗಳಿಂದ ಬೋಧಿಸುತ್ತಿರುವವನು ನಾನು. ನನ್ನದೇ ಮನೆಯ ಸಾಲು ಬಂದಾಗ ಪಟೇಲರ ಮನೆಯೇ ಇರಲಿ ಅನ್ನಿಸಿತು. ದೊಡ್ಡಪ್ಪನ ಈ ವಯಸ್ಸಿನಲ್ಲಿ ಅವರ ಹೆಮ್ಮೆಯನ್ನು ಏಕೆ ಕಸಿಯಬೇಕು ಎಂದು ನನಗೆ ನಾನೇ ಸಮಾಧಾನ ಹೇಳಿಕೊಂಡೆ. ಆದರೆ ಕಾಪಾಡಿಕೊಳ್ಳುತ್ತಿದ್ದುದು ನನ್ನ ಹೆಮ್ಮೆಯನ್ನು.

ಒಂದು ತಿಂಗಳ ಬಳಿಕ ತರೀಕೆರೆಗೆ ಹೋಗಿ ಇದ್ದುದನ್ನು ಇದ್ದಂತೆ ಹೇಳಿದೆ. ದೊಡ್ಡಪ್ಪ ಬಹಳ ಹೊತ್ತು ಮಾತಾಡಲಿಲ್ಲ. ಕೊನೆಗೆ ಹೇಳಿದರು: "ಸ್ವಾಮಿ, ಅಜ್ಜಿ ತಟ್ಟೆಯಲ್ಲಿ ಒಂದು ಅಗುಳನ್ನೂ ಬಿಡುತ್ತಿರಲಿಲ್ಲ. ದಿನಾ ರಾಗಿ ಬೀಸುವ ಮುಂಚೆ ಒಂದು ಹಿಡಿ ತೆಗೆದು ಮಡಕೆಗೆ ಹಾಕುತ್ತಿದ್ದಳು. ಬಾಗಿಲಿಗೆ ಬಂದ ಮಗುವನ್ನು ಬರಿಗೈಯಲ್ಲಿ ಕಳುಹಿಸಿದವಳಲ್ಲ. ದೊಡ್ಡ ಮನೆಯ ಹೆಣ್ಣುಮಗಳ ಗುಣ ಅಂತ ನಾವು ಅಂದುಕೊಂಡಿದ್ದೆವು."

ನನ್ನ ಅತ್ತೆಗೆ ಅಜ್ಜಿಯ ಹೆಸರು, ತಂಗಿಗೆ ಅತ್ತೆಯ ಹೆಸರು. ಪಟೇಲರ ಮನೆಯ ಹೆಸರೆಂದು ನಾವು ಜೋಪಾನ ಮಾಡಿದ್ದು, ಅಕ್ಷರ ಬಾರದ ಬಡ ವಿಧವೆಯೊಬ್ಬಳು ಕ್ಷಾಮದಲ್ಲಿ ಉಳಿದ ಮಗುವಿಗೆ ಕೊಟ್ಟ ಹೆಸರು. ಕೊಡಲು ಆಕೆಯಲ್ಲಿ ಬೇರೇನಿತ್ತೋ ಇಲ್ಲವೋ! ಜ್ಞಾನತಾಯಿ ಎಂಬ ಪದವನ್ನು ನಾವು ಇಂದು ಉಡುಗೊರೆಗೂ ಭಾವಚಿತ್ರಕ್ಕೂ ಸೀಮಿತಗೊಳಿಸಿದ್ದೇವೆ. ನನ್ನ ಮನೆತನ ನಿಂತಿರುವುದು ಆ ಪದದ ಮೇಲೆ.

ಆದ್ದರಿಂದ ಒಂದು ವಿನಂತಿ. ಮನೆಯ ಹಿರಿಯರು ಬದುಕಿರುವಾಗಲೇ ಅವರಿಗೆ ತಿಳಿದ ಹೆಸರು, ಊರುಗಳನ್ನು ಒಂದು ಹಾಳೆಯಲ್ಲಿ ಬರೆದಿಡಿ. ಅದನ್ನು ಹಿಡಿದು ನಿಮ್ಮ ಗುರುಗಳ ಬಳಿಗೆ ಹೋಗಿ. ನನ್ನ ಸಹೋದರ ಗುರುಗಳಲ್ಲೂ ಒಂದು ಮಾತು: ಗೆದ್ದಲಿಗೂ ತೇವಕ್ಕೂ ಸಿಕ್ಕಿ ಪುಡಿಯಾಗುತ್ತಿರುವ ಆ ಪುಸ್ತಕಗಳು ನಮ್ಮ ಸುಪರ್ದಿನಲ್ಲಿವೆ, ಕೆಲವರು ಈ ಲೋಕದಲ್ಲಿ ಇದ್ದರೆಂಬುದಕ್ಕೆ ಅಲ್ಲಿನ ಒಂದು ಸಾಲು ಬಿಟ್ಟರೆ ಬೇರೆ ಸಾಕ್ಷಿಯಿಲ್ಲ. ಪಟೇಲರ ಮನೆ ಸಿಗದಿದ್ದರೆ ನನ್ನಂತೆ ಪುಸ್ತಕ ಮುಚ್ಚಬೇಡಿ.

ಕಳೆದ ನವೆಂಬರಿನಲ್ಲಿ ಮೃತರಿಗಾಗಿ ಪೂಜೆ ಅರ್ಪಿಸಲು ದೊಡ್ಡಪ್ಪ ಎಂದಿನಂತೆ ಹೆಸರುಗಳ ಪಟ್ಟಿ ಕೊಟ್ಟರು. ಈ ಬಾರಿ ಮೊದಲ ಹೆಸರು ಆ ಜ್ಞಾನತಾಯಿಯದು. ಕೊನೆಯ ಸಾಲನ್ನು ನಡುಗುವ ಕೈಯಿಂದ ತಾವೇ ಬರೆದಿದ್ದರು: "ಅಜ್ಜಿಯ ಅಪ್ಪ, ಅಮ್ಮ. ಹೆಸರು ದೇವರಿಗೆ ಗೊತ್ತು."