ತಯಾರಕರ ಹೆಸರು

ಆಷಾಢದ ಮಳೆ ಧಾರೇಶ್ವರದಲ್ಲಿ ಒಮ್ಮೆ ಹಿಡಿಯಿತೆಂದರೆ ಕಡಲಿನ ಮೊರೆತಕ್ಕೂ ಹೆಂಚಿನ ಮೇಲಿನ ಸದ್ದಿಗೂ ವ್ಯತ್ಯಾಸ ತಿಳಿಯುವುದಿಲ್ಲ. ಶಾಲೆಗೆ ರಜೆ ಸಾರಿದ ಅಂತಹ ಒಂದು ವಾರದಲ್ಲಿ, ಕುಮಟೆಯ ಪೇಟೆಯಲ್ಲಿ ನಲವತ್ತು ವರ್ಷ ಕಿರಾಣಿ ಅಂಗಡಿ ನಡೆಸಿ ಈಗ ಸ್ವಾಧ್ಯಾಯದಲ್ಲಿ ಕಾಲ ಕಳೆಯುತ್ತಿರುವ ಶ್ರಾವಕರೊಬ್ಬರ ಮನೆಗೆ ಬೆಂಗಳೂರಿನಿಂದ ಒಂದು ಪೆಟ್ಟಿಗೆ ಬಂದಿತು. ಹದಿಮೂರರ ಮೊಮ್ಮಗನಿಗೆ ಸೋದರಮಾವ ಕಳುಹಿಸಿದ ಉಡುಗೊರೆ ಅದು. ಬಿಡಿಬಿಡಿಯಾಗಿ ಬಂದು ಮನೆಯಲ್ಲಿ ಜೋಡಿಸಬೇಕಾದ ಪ್ಲಾಸ್ಟಿಕ್ಕಿನ ಯಂತ್ರಮಾನವ.

ಪೆಟ್ಟಿಗೆ ತೆರೆದಾಗ ಕಂಡದ್ದು ಯಂತ್ರಮಾನವನಲ್ಲ, ತೆಳ್ಳನೆಯ ಚೌಕಟ್ಟುಗಳು. ಗೊನೆಗೆ ಅಡಿಕೆ ಹತ್ತಿಕೊಂಡಂತೆ ಪ್ರತಿ ಚೌಕಟ್ಟಿಗೂ ಹತ್ತಾರು ಸಣ್ಣ ಭಾಗಗಳು, ಪ್ರತಿಯೊಂದಕ್ಕೂ ಒಂದು ಸಂಖ್ಯೆ. ಅವನ್ನು ಒಮ್ಮೆಲೇ ಕತ್ತರಿಸಬಾರದು. ಮೊದಲು ತುಸು ದೂರದಲ್ಲಿ ಕತ್ತರಿಸಿ, ಉಳಿದ ಮೊಳೆಯನ್ನು ಎರಡನೆಯ ಸಲ ಬುಡಕ್ಕೆ ಕತ್ತರಿಸಿ, ಅನಂತರ ನಯವಾದ ಉಜ್ಜುಕಾಗದದಿಂದ ತಿಕ್ಕಬೇಕು. ಅವಸರ ಮಾಡಿದರೆ ಪ್ಲಾಸ್ಟಿಕ್ಕಿನ ಮೇಲೆ ಬಿಳಿಯ ಕಲೆ ಏಳುತ್ತದೆ. ಹುಡುಗ ಮೊದಲ ದಿನ ಎರಡು ಭಾಗಗಳನ್ನು ಹೀಗೆ ಕೆಡಿಸಿ, ಮರುದಿನದಿಂದ ಕೈ ನಿಧಾನಿಸಿದ. ನಾಲ್ಕು ದಿನಗಳಲ್ಲಿ ಆಕೃತಿ ಎದ್ದು ನಿಂತಿತು. ಕೈಗೆ ಕೊಡಬೇಕಾದ ಕೋವಿಯನ್ನು ಮಾತ್ರ ಅಜ್ಜಿಯ ಮಾತಿನಂತೆ ಚೌಕಟ್ಟಿನಿಂದ ಬಿಡಿಸಲೇ ಇಲ್ಲ. ಆ ಚರ್ಚೆ ಬೇರೆಯೇ ಆದೀತು.

ಈ ಆಟಿಕೆಗೊಂದು ಇತಿಹಾಸವಿದೆ. 1979ರ ಏಪ್ರಿಲ್‌ನಲ್ಲಿ ಜಪಾನಿನ ದೂರದರ್ಶನದಲ್ಲಿ ‘ಮೊಬೈಲ್ ಸೂಟ್ ಗನ್‌ಡಮ್’ ಎಂಬ ಚಿತ್ರಮಾಲೆ ಆರಂಭವಾಯಿತು. 1980ರ ಜುಲೈಯಲ್ಲಿ ಬಂದಾಯ್ ಸಂಸ್ಥೆ ಅದರ ನಾಯಕಯಂತ್ರದ ಮೊದಲ ಮಾದರಿಯನ್ನು 300 ಯೆನ್ ಬೆಲೆಗೆ ಮಾರಾಟಕ್ಕಿಟ್ಟಿತು. ಕಥೆಯೊಳಗಿನ ಯಂತ್ರದ ಎತ್ತರ 18 ಮೀಟರ್. ಮಾದರಿ ಅದರ 144ರಲ್ಲಿ ಒಂದು ಪಾಲು, ಎಂದರೆ ಹನ್ನೆರಡೂವರೆ ಸೆಂಟಿಮೀಟರ್. ಆಗ ಅಂಟು ಹಚ್ಚಬೇಕಿತ್ತು, ಬಣ್ಣ ಬಳಿಯಬೇಕಿತ್ತು. ಅನಂತರದ ವರ್ಷಗಳಲ್ಲಿ ಬಣ್ಣ ಬಣ್ಣದ ಪ್ಲಾಸ್ಟಿಕ್ಕಿನಲ್ಲೇ ಭಾಗಗಳು ಬಂದವು. ಅಂಟಿಲ್ಲದೆ ಒತ್ತಿ ಕೂಡಿಸುವಷ್ಟು ನಿಖರವಾದ ಅಚ್ಚುಗಳನ್ನು ಆ ಸಂಸ್ಥೆ ಶಿಝುವೊಕಾ ನಗರದ ಕಾರ್ಖಾನೆಯಲ್ಲಿ ಸಿದ್ಧಪಡಿಸಿತು. ಚೌಕಟ್ಟಿನ ಅಂಚಿನಲ್ಲಿ ಅದರ ಹೆಸರು ಉಬ್ಬಕ್ಷರದಲ್ಲಿ ಇರುತ್ತದೆ.

ಹುಡುಗನಿಗೆ ಅಂಕ ಹಾಕುವ ಚಾಳಿ. ಶಾಲೆಯ ಹಳೆಯ ನೋಟುಪುಸ್ತಕದಲ್ಲಿ ನಾಲ್ಕು ಅಂಕಣ ಎಳೆದು, ಒಂದೊಂದಕ್ಕೆ 25ರಂತೆ ಬರೆದ: ಬಣ್ಣ 20, ನಿಲುವು 19, ಜೋಡಣೆ 15, ಕೀಲು 9. ಒಟ್ಟು 63. ಸೊಂಟದ ಕೀಲು ಸಡಿಲ. ನಿಲ್ಲಿಸಿದ ಎರಡೇ ನಿಮಿಷದಲ್ಲಿ ಆಕೃತಿ ಹಿಂದಕ್ಕೆ ವಾಲುತ್ತಿತ್ತು. ಪುಟದ ತಲೆಯಲ್ಲಿ ‘ತಯಾರಕರು’ ಎಂದು ಬರೆದವನು ಅಲ್ಲಿಯೇ ತಡೆದ. ಪೆಟ್ಟಿಗೆಯ ಮೇಲಿನ ಚಿತ್ರ, ಅಕ್ಷರಗಳ ಮಾಟ ಎಲ್ಲವೂ ಕುಮಟೆಯ ಗೆಳೆಯನ ಮನೆಯಲ್ಲಿ ಕಂಡ ಬಂದಾಯ್ ಪೆಟ್ಟಿಗೆಯಂತೆಯೇ ಇದ್ದವು. ಹೆಸರು ಮಾತ್ರ ಎಲ್ಲಿಯೂ ಇರಲಿಲ್ಲ. ಚೌಕಟ್ಟಿನಲ್ಲಿ ಉಬ್ಬಕ್ಷರ ಇರಬೇಕಾದ ಜಾಗ ಬೋಳಾಗಿತ್ತು.

ಸಡಿಲಿಕೆಗೂ ಆ ಬೋಳುತನಕ್ಕೂ ಸಂಬಂಧವಿರಬಹುದು. ಕರಗಿದ ಪಾಲಿಸ್ಟೈರೀನ್ ಅಚ್ಚಿನಲ್ಲಿ ಆರುವಾಗ ಹೆಚ್ಚುಕಡಿಮೆ ಇನ್ನೂರರಲ್ಲಿ ಒಂದು ಪಾಲು ಕುಗ್ಗುತ್ತದೆ. ಮೂಲ ತಯಾರಕನು ಇದನ್ನು ಲೆಕ್ಕ ಹಾಕಿಯೇ ಅಚ್ಚು ಕೊರೆಯುತ್ತಾನೆ. ಸಿದ್ಧವಾದ ಭಾಗದ ಮೇಲೆಯೇ ಮತ್ತೊಂದು ಅಚ್ಚು ತೆಗೆದರೆ ಆ ಕುಗ್ಗುವಿಕೆ ಎರಡನೆಯ ಸಲ ಸೇರುತ್ತದೆ. ಕಣ್ಣಿಗೆ ಅದು ಕಾಣದು, ಕೀಲಿಗೆ ಕಾಣುತ್ತದೆ.

ಅಜ್ಜ ಬೋಳು ಜಾಗವನ್ನು ಬೆರಳಿನಿಂದ ಸವರಿ ನೋಡಿದರು. ಅಂಗಡಿಯ ದಿನಗಳಲ್ಲಿ ತಕ್ಕಡಿ, ಬಟ್ಟುಗಳಿಗೆ ಸರಕಾರದ ಮುದ್ರೆ ಹಾಕಿಸಿಕೊಂಡು, ಅಚೌರ್ಯಾಣುವ್ರತದ ಅತಿಚಾರಗಳಲ್ಲಿ ಒಂದಾದ ತೂಕ-ಅಳತೆಯ ಹೆಚ್ಚುಕಡಿಮೆಗೆ ಅಂಜಿ ನಡೆದವರು ಅವರು. ಅದೇ ಪಟ್ಟಿಯ ಕೊನೆಯಲ್ಲಿರುವ ‘ಪ್ರತಿರೂಪಕ ವ್ಯವಹಾರ’, ಎಂದರೆ ಒಂದರಂತೆ ಕಾಣುವ ಇನ್ನೊಂದನ್ನು ಅದೇ ಎಂದು ಮಾರುವುದು, ಕಲಬೆರಕೆಯ ಬೆಲ್ಲಕ್ಕೂ ನಕಲಿ ಚಿನ್ನಕ್ಕೂ ಸಂಬಂಧಿಸಿದ ಮಾತೆಂದೇ ತಿಳಿದಿದ್ದರು.

“ನೋಡಿ ಮಾಡಿದರೆ ತಪ್ಪೇನಜ್ಜ? ಕಾರ್ಕಳದ ಗೊಮ್ಮಟನನ್ನೂ ಬೆಳಗೊಳದ್ದನ್ನು ನೋಡಿಯೇ ಮಾಡಿದ್ದಲ್ಲವೆ?” ಎಂದು ಹುಡುಗ ಕೇಳಿದ. 2024ರ ಫೆಬ್ರವರಿಯಲ್ಲಿ ವೇಣೂರಿನ ಮಹಾಮಸ್ತಕಾಭಿಷೇಕಕ್ಕೆ ಕರೆದೊಯ್ದಾಗ ಅಜ್ಜನೇ ಅವನಿಗೆ ಎರಡೂ ಮೂರ್ತಿಗಳನ್ನು ತೋರಿಸಿದ್ದರು.

ಪ್ರಶ್ನೆ ಹಗುರವಾದುದಲ್ಲ. ಅಜ್ಜ ತಡೆದು ಹೇಳಿದರು: “ಹೌದು, ನೋಡಿಯೇ ಮಾಡಿದ್ದು. ಆದರೆ ಕಾರ್ಕಳದಲ್ಲಿ 1432ರಲ್ಲಿ ವೀರಪಾಂಡ್ಯ ನಿಲ್ಲಿಸಿದನೆಂದು ಶಾಸನವಿದೆ. ವೇಣೂರಿನಲ್ಲಿ 1604ರಲ್ಲಿ ತಿಮ್ಮರಾಜ ನಿಲ್ಲಿಸಿದನೆಂದು ಇದೆ. ಇಬ್ಬರೂ ಅದನ್ನು ಚಾವುಂಡರಾಯನದೆಂದು ಹೇಳಿಕೊಳ್ಳಲಿಲ್ಲ, ತಮ್ಮ ಹೆಸರನ್ನು ಮುಚ್ಚಿಡಲೂ ಇಲ್ಲ.” ಹುಡುಗ ಚೌಕಟ್ಟನ್ನು ಮತ್ತೊಮ್ಮೆ ತಿರುವಿ ನೋಡಿದ.

ಕಷ್ಟ ಬಂದುದು ಆಮೇಲೆ. ಅಂಕದ ಪುಸ್ತಕ ಕಂಡ ತಾಯಿ ಮಗನನ್ನು ಒಳಗೆ ಕರೆದು, ಇದನ್ನು ಮಾವನಿಗೆ ತೋರಿಸಬೇಡವೆಂದಳು. ವರ್ಷಕ್ಕೊಮ್ಮೆ ಬರುವ ತಮ್ಮ; ಪ್ರೀತಿಯಿಂದ ಕೊಟ್ಟ ವಸ್ತುವಿನ ಕುಲಗೋತ್ರ ಕೇಳುವುದು ಅವನ ಮನಸ್ಸನ್ನು ನೋಯಿಸಿದಂತೆ. ಅವಳ ಮಾತನ್ನು ಕೇವಲ ದಾಕ್ಷಿಣ್ಯವೆಂದು ತಳ್ಳಿಹಾಕಲಾಗದು. ನೋಯಿಸುವ ಸತ್ಯವನ್ನು ಆಡುವ ಮೊದಲು ಶ್ರಾವಕನು ನೂರು ಸಲ ಯೋಚಿಸಬೇಕಾದುದೇ. ಆದರೆ ಪುಸ್ತಕವನ್ನು ಬಚ್ಚಿಟ್ಟರೆ ಇನ್ನೊಂದು ಬೋಳು ಜಾಗ ಉಂಟಾದಂತೆ. ಅಜ್ಜ ಈ ವಿಷಯದಲ್ಲಿ ಬಾಯಿ ಹಾಕಲಿಲ್ಲ.

ಭಾದ್ರಪದದಲ್ಲಿ ಅನಂತನ ನೋಂಪಿಗೆ ಮಾವ ಬಂದರು. ಕಿಟಕಿಯ ಕಟ್ಟೆಯ ಮೇಲೆ ಗೋಡೆಗೆ ಒರಗಿದ್ದ ಯಂತ್ರಮಾನವನನ್ನು ಕಂಡು, “ಎಷ್ಟು ಅಂಕ ಕೊಟ್ಟೆ ತಮ್ಮಾ?” ಎಂದು ತಾವೇ ಕೇಳಿದರು. ಹುಡುಗ ತಾಯಿಯ ಮುಖ ನೋಡಿದ. ಅವಳು ಒಲೆಯ ಕಡೆಗೆ ತಿರುಗಿದಳು. ಅವನು ಪುಸ್ತಕವನ್ನೇ ತಂದು ಕೊಟ್ಟ.

ಮಾವ ಪುಟವನ್ನು ಓದಿ, ಖಾಲಿ ಬಿಟ್ಟ ಮೊದಲ ಸಾಲಿನ ಮೇಲೆ ಬಹಳ ಹೊತ್ತು ಕಣ್ಣಿಟ್ಟರು. “ಅಸಲಿನ ಬೆಲೆ ಇದರ ಮೂರರಷ್ಟಿತ್ತು. ನನಗೆ ಗೊತ್ತಿತ್ತು. ಮಕ್ಕಳು ಹೇಗೂ ಮುರಿದುಹಾಕುತ್ತಾರೆ ಅಂದುಕೊಂಡೆ” ಎಂದರು. “ನಾನು ಮುರಿದಿಲ್ಲ ಮಾವ” ಎಂದ ಹುಡುಗ.

ಊಟವಾದ ಮೇಲೆ ಇಬ್ಬರೂ ಜಗುಲಿಯಲ್ಲಿ ಕುಳಿತು ಸೊಂಟದ ಕೀಲನ್ನು ಬಿಚ್ಚಿದರು. ತಂಗಿಯ ಉಗುರುಬಣ್ಣವನ್ನು ಗುಂಡಿಯ ಸುತ್ತ ತೆಳ್ಳಗೆ ಬಳಿದು ಒಣಗಲು ಬಿಟ್ಟರು. ಆ ಪದರದಿಂದ ಕೀಲು ತುಸು ದಪ್ಪಗಾಗಿ ಬಿಗಿಯುತ್ತದೆ. ಸಂಜೆಗೆ ಆಕೃತಿ ಗೋಡೆಯ ಆಸರೆಯಿಲ್ಲದೆ ನಿಂತಿತು. ಕೀಲಿನ ಅಂಕವನ್ನು ಹೆಚ್ಚಿಸುವೆಯಾ ಎಂದು ಮಾವ ಕೇಳಿದಾಗ ಹುಡುಗ ಒಪ್ಪಲಿಲ್ಲ. 9ನ್ನು ಹಾಗೆಯೇ ಉಳಿಸಿ, ಅದರ ಕೆಳಗೆ ‘ದುರಸ್ತಿ: ಮಾವ ಮತ್ತು ನಾನು’ ಎಂದು ಬರೆದ.