ಬೋಟಿಯ ಬಟ್ಟಲು

ಚಿಕ್ಕಮಗಳೂರಿನ ಹತ್ತಿರದ ವಸ್ತಾರೆಯಿಂದ ಉದ್ಯೋಗಕ್ಕೆಂದು ಹೋದ ತರುಣನೊಬ್ಬ ಟೋಕಿಯೋದ ಪುಟ್ಟ ಹೋಟೆಲೊಂದರಲ್ಲಿ ಕುಳಿತಿದ್ದ. ತಟ್ಟೆಯಲ್ಲಿ ಬೇಯಿಸಿ ತಣ್ಣೀರಿನಲ್ಲಿ ತೊಳೆದ ಗೋಧಿಯ ದಪ್ಪ ಎಳೆಗಳು. ಪಕ್ಕದ ಬಟ್ಟಲಿನಲ್ಲಿ ಹಬೆಯಾಡುವ ಸಾರು, ಅದರೊಳಗೆ ಹಂದಿಯ ಕರುಳು. ವಸ್ತಾರೆಯ ಮಾತಿನಲ್ಲಿ ಬೋಟಿ. ಎಳೆಯನ್ನು ಸಾರಿನಲ್ಲಿ ಅದ್ದಿ ಸೊರ್ರೆಂದು ಹೀರಬೇಕು. ಸದ್ದಾದರೆ ಅಲ್ಲಿ ಯಾರೂ ಹುಬ್ಬು ಗಂಟಿಕ್ಕುವುದಿಲ್ಲ! ನಕಾನೋದ ತೈಶೋಕೆನ್ ಅಂಗಡಿಯ ಕೆಲಸದವರು ಉಳಿದ ಎಳೆಗಳನ್ನು ಹೀಗೆ ಅದ್ದಿ ತಿನ್ನುತ್ತಿದ್ದರಂತೆ. ಯಮಗಿಶಿ ಕಾಜುವೊ 1955ರಲ್ಲಿ ಅದನ್ನೇ ಗಿರಾಕಿಗಳಿಗೂ ಬಡಿಸಿದರು. ಈಗ ಅದರ ಹೆಸರು ತ್ಸುಕೆಮೆನ್.

ಮೊದಲ ತುತ್ತಿಗೇ ಅವನಿಗೆ ಊರಿನ ಅಡುಗೆಮನೆ ನೆನಪಾಯಿತು. ಕಾಲೇಜಿನ ಗೆಳೆಯನೊಬ್ಬ ಮನೆಗೆ ಬಂದ ದಿನ ತಾಯಿ ಅಕ್ಕಿಹಿಟ್ಟಿನ ಉಂಡೆಗಳನ್ನು ಬೇಯಿಸಿ, ಬಿಸಿಯಾರುವ ಮೊದಲೇ ಒರಳಿನಲ್ಲಿ ಶ್ಯಾವಿಗೆ ಒತ್ತಿದ್ದಳು. ಮುಂಜಾನೆಯಿಂದ ಬೋಟಿಯನ್ನು ಬಿಸಿನೀರಿನಲ್ಲಿ ಉಜ್ಜಿ ಉಜ್ಜಿ ತೊಳೆದು ಸಾರು ಕುದಿಸಿದ್ದಳು. ಇವನು ನಾಚಿ, ಸಾರಿನ ಪಾತ್ರೆಯನ್ನು ಬಚ್ಚಲ ಒಲೆಯ ಹಿಂದೆ ಬಚ್ಚಿಟ್ಟು, ಗೆಳೆಯನಿಗೆ ಕಾಯಿಹಾಲನ್ನೇ ಬಡಿಸಿದ. ತಾಯಿ ಒಂದು ಮಾತನ್ನೂ ಆಡಲಿಲ್ಲ.

ಆ ರಾತ್ರಿ ಫೋನಿನಲ್ಲಿ ಅವನು ಎಲ್ಲವನ್ನೂ ಹೇಳಿದ, ಪಾತ್ರೆಯ ಸಂಗತಿಯನ್ನೂ. ಆಕೆ ಕ್ಷಣಕಾಲ ಸುಮ್ಮನಿದ್ದು ಕೇಳಿದಳು:

“ಅಲ್ಲಿಯವರು ಎಷ್ಟು ನೀರಿನಲ್ಲಿ ತೊಳೆದಿದ್ದರು, ಮಗಾ?”